ಕಡಿತವಾದ ಹತ್ತು ಸಾವಿರ ನಿಮ್ಮದೇ ಹಣ

ಕೆಲಸ ಬಿಟ್ಟು ಒಳಾಂಗಣ ವಿನ್ಯಾಸವನ್ನು ಸ್ವಂತವಾಗಿ ಆರಂಭಿಸಿದ್ದೀರಿ, ಒಂದು ಲಕ್ಷದ ಬಿಲ್ಲಿಗೆ ಕಂಪನಿ ತೊಂಬತ್ತು ಸಾವಿರ ಮಾತ್ರ ಕೊಟ್ಟಿದೆ, ಉಳಿದದ್ದು ಹೋಯಿತೇ ಎಂದು ಕೇಳಿದ್ದೀರಿ. ಖಂಡಿತ ಹೋಗಿಲ್ಲ. ಅದು ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲೇ ಕಡಿದುಕೊಳ್ಳುವ ತೆರಿಗೆ, ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಜಮೆಯಾಗಿರಬೇಕು. ಆದಾಯ ತೆರಿಗೆ ಜಾಲತಾಣದಲ್ಲಿ 26ಎಎಸ್ (ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ತೆರೆದು ಇವತ್ತೇ ನೋಡಿ. ನನ್ನ ಗ್ರಾಹಕರೊಬ್ಬರು ಪ್ಯಾನ್‌ನ ಒಂದಕ್ಷರ ತಪ್ಪು ಬರೆದಿದ್ದರು. ನಾನು ಗಮನಿಸಿದ್ದು ವರ್ಷದ ಕೊನೆಗೆ. ಸರಿಪಡಿಸಲು ತಿಂಗಳುಗಟ್ಟಲೆ ಅವರ ಬೆನ್ನು ಹತ್ತಬೇಕಾಯಿತು.

2025-26ರ ಒಳಾಂಗಣ ವಿನ್ಯಾಸದ ಗಳಿಕೆಗೆ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಂ ಅನ್ವಯಿಸುತ್ತದೆ. ಒಟ್ಟು ಗಳಿಕೆ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ತೋರಿಸಬಹುದು, ಖರ್ಚಿನ ಲೆಕ್ಕಪುಸ್ತಕ ಇಡಬೇಕಿಲ್ಲ. ಆ ವರ್ಷ ನಿಮಗೆ 12 ಲಕ್ಷ ಬಂದಿದೆ, ಬೇರೆ ಆದಾಯವಿಲ್ಲ ಎಂದುಕೊಳ್ಳಿ. ಆದಾಯ 6 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ರಿಯಾಯಿತಿ ಕಳೆದು ತೆರಿಗೆ ಸೊನ್ನೆ. ಕಡಿತವಾದದ್ದೆಲ್ಲ ರಿಟರ್ನ್ ಸಲ್ಲಿಸಿದರೆ ವಾಪಸು ಬರುತ್ತದೆ. ಸಲ್ಲಿಸದಿದ್ದರೆ ಬರುವುದಿಲ್ಲ, ದಯವಿಟ್ಟು ಉದಾಸೀನ ಮಾಡಬೇಡಿ.

ಗಳಿಕೆ ಹೆಚ್ಚಿ, ಟಿಡಿಎಸ್ ಕಳೆದ ಮೇಲೂ ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಉಳಿದರೆ ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕು. ಗಳಿಕೆ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು.

ಇನ್ನೊಂದು ಮಾತು: ಮನೆಖರ್ಚಿನ ಖಾತೆಗೆ ಗ್ರಾಹಕರ ಹಣ ಬರುವುದು ಬೇಡ. ನಾನು ಬೇರೆ ಖಾತೆ ತೆರೆದು, ಪ್ರತಿ ತಿಂಗಳ ಐದನೇ ತಾರೀಕು ಅಲ್ಲಿಂದ ಮನೆಗೆ ಸಂಬಳದಂತೆ ನಿಗದಿತ ಮೊತ್ತ ಹಾಕಿಕೊಳ್ಳುತ್ತೇನೆ. ಬಿಲ್ ಬಾರದ ತಿಂಗಳೂ ಅಡುಗೆಮನೆ ನಡೆಯುತ್ತದೆ.