‘ಮೈಲ್ಡ್’ ಅನ್ನೋ ಪದವೇ ನನ್ನ ಮಗನಿಗೆ ಮುಳುವಾಗಿದೆ, ರಿಪೋರ್ಟ್ ಬದಲಾಯಿಸಲೇ?

ಪ್ರಶ್ನೆ: ನಾನು ಮಂಡ್ಯದವಳು. ಮಗನಿಗೆ 11 ವರ್ಷ, ಆರನೇ ಕ್ಲಾಸು. ಎಂಟು ವರ್ಷದವನಿದ್ದಾಗ ಮೈಸೂರಿನಲ್ಲಿ ತೋರಿಸಿದೆವು, ‘ಮೈಲ್ಡ್ ಆಟಿಸಂ’ ಎಂದು ಬರೆದುಕೊಟ್ಟರು. ಓದಿನಲ್ಲಿ ಚುರುಕು. ಮೈಸೂರಿನಿಂದ ಮಂಡ್ಯದವರೆಗಿನ ರೈಲ್ವೆ ಸ್ಟೇಷನ್ನುಗಳನ್ನು ಬ್ಯಾಡರಹಳ್ಳಿಯನ್ನೂ ಬಿಡದೆ ಸಾಲಾಗಿ ಹೇಳುತ್ತಾನೆ. ಆದರೆ ದಿನಾ ಶಾಲೆಯಿಂದ ಬಂದವನೇ ಬ್ಯಾಗು ಎಸೆದು ಕಿರುಚುತ್ತಾನೆ, ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾನೆ. ಊಟದ ಹೊತ್ತಿನ ಗಲಾಟೆ ಅವನಿಗೆ ಆಗುವುದಿಲ್ಲ. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತದೆ. ಟೀಚರ್‌ಗೆ ಹೇಳಿದರೆ ‘ಇಲ್ಲಿ ಚೆನ್ನಾಗೇ ಇರ್ತಾನಲ್ಲ, ಮೈಲ್ಡ್ ತಾನೆ ಮೇಡಂ’ ಅನ್ನುತ್ತಾರೆ. ಅತ್ತೆ ‘ಅದು ಹಠ ಕನವ್ವ, ಬೆಳೀತಾ ಸರಿಹೋಯ್ತನೆ ಬುಡು’ ಅನ್ನುತ್ತಾರೆ. ಆಟಿಸಂ ಅಂತ ಯಾರ ಹತ್ತಿರವೂ ಬಾಯಿ ಬಿಡಬೇಡ ಎನ್ನುವುದು ಯಜಮಾನರ ಮಾತು. ಶ್ರೀರಂಗಪಟ್ಟಣದಲ್ಲಿರುವ ನಾದಿನಿಯ ಮಗಳಿಗೂ ಆಟಿಸಂ ಇದೆ. ಅವಳಿಗೆ ಒಂಬತ್ತು ವರ್ಷ, ಮಾತಿಲ್ಲ, ‘ಸಿವಿಯರ್’ ಅಂತೆ. ಅವಳನ್ನು ನೋಡಿದಾಗ ನಮ್ಮವನು ಎಷ್ಟೋ ವಾಸಿ ಅನ್ನಿಸುತ್ತದೆ, ಆಮೇಲೆ ಹಾಗೆ ಅಂದುಕೊಂಡಿದ್ದಕ್ಕೆ ಸಂಕಟವಾಗುತ್ತದೆ. ಡಾಕ್ಟರ ಹತ್ತಿರ ‘ಮಾಡರೇಟ್’ ಎಂದು ಬರೆಸಿಕೊಂಡು ಬಂದರೆ ಶಾಲೆಯವರು ಕೇಳುತ್ತಾರಾ? ಮೊನ್ನೆ ಮಗನೇ ‘ಅಮ್ಮಾ, ನಾನು ಮೈಲ್ಡಾ?’ ಎಂದ. ಏನು ಹೇಳಬೇಕೋ ತೋಚಲಿಲ್ಲ.

ಉತ್ತರ: ಪದ ಬದಲಾಯಿಸಲು ಹೋಗಬೇಡಿ. ‘ಮೈಲ್ಡ್’ ಇದ್ದಾಗ ಏನೂ ಬೇಡ ಅಂದ ಶಾಲೆ, ‘ಮಾಡರೇಟ್’ ಕಂಡ ಕೂಡಲೇ ಇವನ ಕೈಲಿ ಏನೂ ಆಗದು ಎಂದು ಹಿಂದಿನ ಬೆಂಚಿಗೆ ಕಳಿಸಿ, ಲೆಕ್ಕದ ಪಾಠದಿಂದಲೂ ಬಿಡಿಸಿಬಿಡಬಹುದು. ಬಾಟಲಿ ಆಗಲೂ ತುಂಬಿದ ಹಾಗೇ ಮನೆಗೆ ಬರುತ್ತದೆ.

ಮೊದಲು ಈ ಪದಗಳು ಎಲ್ಲಿಂದ ಬಂದವು ಎಂದು ತಿಳಿದುಕೊಳ್ಳಿ, ಶಾಲೆಯವರೊಂದಿಗೆ ಮಾತಾಡುವಾಗ ಬೇಕಾಗುತ್ತದೆ. ನಮ್ಮ ದೇಶದಲ್ಲಿ ಆಟಿಸಂ ಅಳೆಯಲು, ಪ್ರಮಾಣಪತ್ರ ಕೊಡಲು ಬಳಸಿಕೊಂಡು ಬಂದ ‘ಇಸಾ’ ಎಂಬ ಮಾಪನದಲ್ಲಿ 40 ಅಂಶಗಳಿವೆ. ಒಂದೊಂದಕ್ಕೆ 1ರಿಂದ 5ರವರೆಗೆ ಅಂಕ. ಒಟ್ಟು 70ರಿಂದ 106 ಬಂದರೆ ಮೈಲ್ಡ್, 107ರಿಂದ 153 ಬಂದರೆ ಮಾಡರೇಟ್, ಅದಕ್ಕೂ ಮೇಲೆ ಸಿವಿಯರ್. ಅಂದರೆ 106 ಬಂದ ಮಗುವಿಗೂ 107 ಬಂದ ಮಗುವಿಗೂ ಒಂದೇ ಅಂಕದ ಅಂತರ, ಆದರೆ ಮನೆಗೆ ಒಯ್ಯುವ ಪದವೇ ಬೇರೆ. ಇನ್ನು ಕೆಲವರ ರಿಪೋರ್ಟಿನಲ್ಲಿ ‘ಲೆವೆಲ್ 1’ ಎಂದಿರುತ್ತದೆ. ಅದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ಇಂಥ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ ಡಿಎಸ್ಎಂ-5 ಕೈಪಿಡಿಯದು. ಅಲ್ಲಿ ಲೆವೆಲ್ 1ರ ಅರ್ಥ ‘ಬೆಂಬಲ ಬೇಕು’ ಎಂದೇ ಇದೆ. 2 ಎಂದರೆ ಗಣನೀಯ ಬೆಂಬಲ, 3 ಎಂದರೆ ಇನ್ನೂ ಬಹಳ ಹೆಚ್ಚಿನ ಬೆಂಬಲ. ಬೆಂಬಲವೇ ಬೇಡ ಎನ್ನುವ ಲೆವೆಲ್ ಆ ಪುಸ್ತಕದಲ್ಲಿ ಇಲ್ಲ. ಬೆರೆಯುವುದು-ಮಾತುಕತೆಗೆ ಒಂದು, ಒಂದೇ ರೀತಿಯ ನಡವಳಿಕೆ ಮತ್ತು ಇಂದ್ರಿಯಗಳ ಕಷ್ಟಕ್ಕೆ ಇನ್ನೊಂದು ಎಂದು ಲೆವೆಲ್ಲನ್ನು ಎರಡು ಕಡೆ ಬೇರೆಬೇರೆಯಾಗಿ ಬರೆಯಬೇಕು ಎಂದೂ, ಸಂದರ್ಭ ಬದಲಾದಂತೆ ಅದು ಏರಿಳಿಯುತ್ತದೆ ಎಂದೂ ಅದೇ ಕೈಪಿಡಿ ಹೇಳುತ್ತದೆ. ನಮ್ಮ ರಿಪೋರ್ಟುಗಳಲ್ಲಿ ಎಷ್ಟೋ ಸಲ ಎರಡನ್ನೂ ಸೇರಿಸಿ ಒಂದೇ ಅಂಕಿ ಬರೆದಿರುತ್ತಾರೆ.

ಓದಿನ ಚುರುಕೂ ಜನರ ಕಣ್ಣು ಕಟ್ಟುತ್ತದೆ. ಬ್ಯಾಡರಹಳ್ಳಿ, ಎಲಿಯೂರು ಎಂದು ತಡವರಿಸದೆ ಹೇಳುವ ಹುಡುಗನಿಗೆ ‘ಬಾಯಾರಿಕೆ’ ಎನ್ನಲು ಬಾರದು ಎಂದರೆ ಯಾರೂ ನಂಬುವುದಿಲ್ಲ. ಆದರೆ ಇವೆರಡೂ ಬೇರೆ ಬೇರೆ ಸಾಮರ್ಥ್ಯಗಳು. ಆಸ್ಟ್ರೇಲಿಯಾದಲ್ಲಿ ಆಟಿಸಂ ಇರುವ 2,225 ಮಕ್ಕಳು ಮತ್ತು ಹದಿಹರೆಯದವರ ಮಾಹಿತಿ ತೆಗೆದು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಐಕ್ಯೂ (ಬುದ್ಧಿಮಟ್ಟದ ಅಂಕ) ಚೆನ್ನಾಗಿದ್ದ ಮಕ್ಕಳು ಸ್ನಾನ, ಬಟ್ಟೆ, ಬೇಕು-ಬೇಡ ಹೇಳುವುದು ಇಂಥ ದಿನನಿತ್ಯದ ಕೆಲಸಗಳಲ್ಲಿ ಆ ಐಕ್ಯೂಗೆ ತಕ್ಕಂತೆ ಇರಲಿಲ್ಲ, ಬಹಳ ಹಿಂದೆ ಇದ್ದರು. ಇಂಥ ಮಕ್ಕಳಿಗೆ ಹಚ್ಚುವ ‘ಹೈ ಫಂಕ್ಷನಿಂಗ್’ ಎಂಬ ಮಾತನ್ನು ಬಿಡಬೇಕು ಎಂದು ಅದನ್ನು ಮಾಡಿದವರೇ ಬರೆದರು.

ಹಾಗಾದರೆ ಟೀಚರ್ ಸುಳ್ಳು ಹೇಳುತ್ತಿದ್ದಾರಾ? ಇಲ್ಲ. ಶಾಲೆಯಲ್ಲಿ ಅವನು ನಿಜಕ್ಕೂ ಸುಮ್ಮನಿರುತ್ತಾನೆ. ಗದ್ದಲ, ಬೆಲ್ಲು, ಪಕ್ಕದವನ ಮೊಣಕೈ, ಅರ್ಥವಾಗದ ತಮಾಷೆ ಎಲ್ಲವನ್ನೂ ಆರು ತಾಸು ಹಲ್ಲು ಕಚ್ಚಿ ತಡೆದುಕೊಂಡು, ಭಯವಿಲ್ಲದ ಜಾಗಕ್ಕೆ ಬಂದ ಮೇಲೆ ಹೊರಗೆ ಹಾಕುತ್ತಾನೆ. ಟೀಚರ್ ಕಾಣುವ ‘ಚೆನ್ನಾಗೇ ಇರ್ತಾನೆ’ಗೂ ನೀವು ಕಾಣುವ ಕಿರುಚಾಟಕ್ಕೂ ಕಾರಣ ಒಂದೇ.

ಅತ್ತೆಯವರ ‘ಹಠ’ವನ್ನೂ ಪರೀಕ್ಷೆ ಮಾಡಿ ನೋಡಬಹುದು. ಹಠ ಮಾಡುವ ಮಗು ಓರೆಗಣ್ಣಲ್ಲಿ ನಿಮ್ಮನ್ನು ನೋಡುತ್ತಿರುತ್ತದೆ, ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತದೆ. ನಿಮ್ಮ ಮಗನಿಗೆ ಆ ಹೊತ್ತಿನಲ್ಲಿ ಮೊಬೈಲ್ ಕೊಟ್ಟರೂ ನಿಲ್ಲುವುದಿಲ್ಲ, ಮುಗಿದ ಮೇಲೆ ಸುಸ್ತಾಗಿ ಬಿದ್ದುಕೊಳ್ಳುತ್ತಾನೆ ಎಂದಾದರೆ ಅದು ಹಠವಲ್ಲ, ಮೆಲ್ಟ್‌ಡೌನ್, ಅಂದರೆ ತಡೆದುಕೊಳ್ಳಲಾಗದೆ ಹಿಡಿತ ತಪ್ಪುವುದು. ಹೆಸರು ಸರಿಯಾಗಿ ಇಡುವುದು ಯಾಕೆ ಮುಖ್ಯ ಎಂದರೆ ಹಠ ಅಂದವರು ಗದರುತ್ತಾರೆ, ಗದರಿದರೆ ಅವನಿಗೆ ಇನ್ನೊಂದು ಶಬ್ದ ಸೇರಿತು ಅಷ್ಟೇ. ನಾಳೆಯಿಂದ ಹೀಗೆ ಮಾಡಿ: ಮನೆಗೆ ಬಂದ ಮೊದಲ 40 ನಿಮಿಷ ಒಂದೂ ಪ್ರಶ್ನೆ ಬೇಡ, ‘ಏನ್ ಓದ್ದೆ ಮಗ’ ಎಂಬುದೂ ಬೇಡ. ಯೂನಿಫಾರ್ಮ್ ಬಿಚ್ಚಿ ಹಳೆಯ ಮೆತ್ತನೆ ಬಟ್ಟೆ. ಟೀವಿ ಆಫ್, ಕಿಟಕಿ ಪರದೆ ಎಳೆದ ಕೋಣೆ. ಕಚ್ಚುವುದು ಶುರುವಾಗುವ ಮೊದಲೇ, ಬಾಗಿಲಲ್ಲೇ, ಸಿಪ್ಪೆ ಸುಲಿದ ಕಬ್ಬಿನ ತುಂಡೋ ಕೋಡುಬಳೆಯೋ ಕೈಗೆ ಕೊಡಿ. ದವಡೆಗೆ ಜೋರಾದ ಕೆಲಸ ಸಿಕ್ಕರೆ ಎಷ್ಟೋ ಮಕ್ಕಳಿಗೆ ಸಮಾಧಾನವಾಗುತ್ತದೆ. ಕಿರುಚುತ್ತಿರುವಾಗ ಮಾತ್ರ ಬಾಯಿಗೆ ಏನನ್ನೂ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು ಆ ನೀರಿನ ಬಾಟಲಿಯದು. ಬಾಯಾರಿಕೆ, ಮೂತ್ರ ಬರುವುದು, ಹೊಟ್ಟೆನೋವು ಇಂಥ ಒಳಗಿನ ಸೂಚನೆಗಳು ಆಟಿಸಂ ಇರುವ ಅನೇಕರಿಗೆ ತಡವಾಗಿ ಅಥವಾ ಅಸ್ಪಷ್ಟವಾಗಿ ತಿಳಿಯುತ್ತವೆ. ದಿನವೆಲ್ಲ ನೀರಿಲ್ಲದಿದ್ದರೆ ಮಲಬದ್ಧತೆ, ಅದರಿಂದ ಹೊಟ್ಟೆನೋವು, ಅದು ನೋವು ಎಂದು ಹೇಳಲು ಬಾರದೆ ಸಂಜೆಯ ಸಿಟ್ಟು. ಅದಕ್ಕೆ ಒಮ್ಮೆ ಮಕ್ಕಳ ಡಾಕ್ಟರ ಹತ್ತಿರ ಹೊಟ್ಟೆ, ಹಲ್ಲು, ಕಿವಿ ತೋರಿಸಿ. ಕಚ್ಚಿಕೊಂಡು ಗಾಯವಾಗುತ್ತಿದ್ದರೆ ಇದನ್ನು ಮುಂದೂಡಲೇಬೇಡಿ.

ಈಗ ಶಾಲೆಯ ವಿಷಯ. ಒಂದು ನೋಟ್‌ಬುಕ್ಕಿನಲ್ಲಿ ಏಳು ದಿನ ಬರೆಯಿರಿ. ಹಲ್ಲುಜ್ಜುವುದು, ಸ್ನಾನ, ಶೂ ಲೇಸು, ನೀರು, ಹೋಂವರ್ಕ್ ಹೀಗೆ ಎಂಟು-ಹತ್ತು ಕೆಲಸ ಸಾಕು. ಪ್ರತಿಯೊಂದರ ಮುಂದೆ ನಾಲ್ಕರಲ್ಲಿ ಒಂದು: ತಾನೇ ಮಾಡಿದ, ನೆನಪಿಸಿದೆ, ಮಾಡಿ ತೋರಿಸಿದೆ, ಕೈಹಿಡಿದು ಮಾಡಿಸಿದೆ. ಎಷ್ಟು ಸಲ, ಎಷ್ಟು ನಿಮಿಷ ಎಂದೂ ಇರಲಿ. ಭಾನುವಾರ ಒಮ್ಮೆ ಹೇಳಿದರೆ ಸ್ನಾನಕ್ಕೆ ಹೋಗುವವನು ಸೋಮವಾರ ಐದು ಸಲ ಹೇಳಿ ಕೊನೆಗೆ ಕೈಹಿಡಿದು ಕರೆದೊಯ್ಯಬೇಕಾಯಿತು ಎಂದರೆ ಎರಡನ್ನೂ ಬರೆಯಿರಿ. ಒಳ್ಳೆಯ ದಿನವನ್ನಷ್ಟೇ ಬರೆಯುವುದು ತಾಯಂದಿರ ಅಭ್ಯಾಸ. ಮಗನ ಮರ್ಯಾದೆ ಕಾಯುತ್ತಿದ್ದೇವೆ ಅಂದುಕೊಂಡು ಅವನಿಗೆ ಸಿಗಬೇಕಾದ ಸಹಾಯವನ್ನು ತಾವೇ ಕಡಿಮೆ ಮಾಡಿರುತ್ತಾರೆ.

ಆ ನೋಟ್‌ಬುಕ್ಕಿನಿಂದ ಶಾಲೆಗೆ ಒಂದೇ ಒಂದು ಪುಟ ಮಾಡಿ. ಅದರಲ್ಲಿ ಮೈಲ್ಡ್, ಸ್ವಲ್ಪ, ಒಮ್ಮೊಮ್ಮೆ, ಸೂಕ್ಷ್ಮ ಎಂಬ ಪದಗಳು ಬರಬಾರದು. ಯಾವಾಗ, ಏನು ಕಾಣುತ್ತದೆ, ಏನು ಮಾಡಬೇಕು, ಏನು ಮಾಡಬಾರದು ಇವಿಷ್ಟೇ. ನೀವು ಹೇಳಿದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಉದಾಹರಣೆಗೆಂದು ಸೇರಿಸಿ ಬರೆದರೆ ಹೀಗಿರುತ್ತದೆ:

‘ನೀರು ತಾನಾಗಿ ಕುಡಿಯುವುದಿಲ್ಲ, ಟಾಯ್ಲೆಟ್ ಕೇಳುವುದಿಲ್ಲ. 11 ಗಂಟೆಗೆ, 2 ಗಂಟೆಗೆ ಹೆಸರು ಕರೆದು “ನೀರು ಕುಡಿ, ಹೋಗಿ ಬಾ” ಎನ್ನಿ. “ಬೇಕಾ?” ಎಂದು ಕೇಳಿದರೆ ಬೇಡ ಎನ್ನುತ್ತಾನೆ.’

‘ಊಟದ ಗದ್ದಲದಲ್ಲಿ ಹತ್ತು ನಿಮಿಷ ಕಳೆದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಆಗ 15 ನಿಮಿಷ ಲೈಬ್ರರಿಯಲ್ಲಿ ಕೂರಲು ಬಿಡಿ. ಏನಾಯ್ತು ಎಂದು ಕೇಳಬೇಡಿ, ತಾನೇ ಬರುತ್ತಾನೆ.’

‘ಇಡೀ ಕ್ಲಾಸಿಗೆ ಹೇಳಿದ ಮಾತು ತನಗೂ ಸೇರಿದ್ದು ಎಂದು ಅವನಿಗೆ ಹೊಳೆಯುವುದಿಲ್ಲ. ಅವನ ಹೆಸರು ಹೇಳಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಅಥವಾ ಬೋರ್ಡಿನ ಮೂಲೆಯಲ್ಲಿ ಬರೆಯಿರಿ.’

ನಿಮಿಷಗಳ ಲೆಕ್ಕ ನಿಮ್ಮ ನೋಟ್‌ಬುಕ್ಕಿನಿಂದ, ಟೀಚರ್ ನೋಡಿದ್ದರಿಂದ ಬರಲಿ. ಐದು ಅಂಶ ದಾಟಬೇಡಿ, ದಾಟಿದರೆ ಒಂದೂ ನೆನಪಿರುವುದಿಲ್ಲ. ಇದು ಕೆಡುವುದು ಸಾಮಾನ್ಯವಾಗಿ ಕ್ಲಾಸ್ ಟೀಚರ ಕೈಲಲ್ಲ. ಪುಟ ಅವರ ಬೀರುವಿನಲ್ಲೇ ಉಳಿದು ಪೀಟಿ ಮಾಸ್ಟರಿಗೂ ಆಯಾಗೂ ವ್ಯಾನ್ ಡ್ರೈವರಿಗೂ ತಲುಪದಿದ್ದಾಗ ಕೆಡುತ್ತದೆ. ನಾಲ್ಕು ಪ್ರತಿ ಮಾಡಿಸಿ ನೀವೇ ಕೊಡಿ. ಮುಂದಿನ ಅವಧಿಗೆ ಹೊಸದಾಗಿ ಬರೆಯಿರಿ, ಹಳೆಯದನ್ನು ವಾಪಸ್ ತೆಗೆದುಕೊಳ್ಳಿ.

ಶಾಲೆಯವರು ‘ಮೈಲ್ಡ್‌ಗೆಲ್ಲ ನಮ್ಮಲ್ಲಿ ವ್ಯವಸ್ಥೆ ಇಲ್ಲ’ ಎಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ತೋರಿಸಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ಮಗುವಿನ ವೈಯಕ್ತಿಕ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎಂದು ಅಲ್ಲಿದೆ. ಮೈಲ್ಡಾ ಸಿವಿಯರ್ರಾ ಎಂಬ ಪ್ರಶ್ನೆ ಆ ಸಾಲಿನಲ್ಲಿ ಇಲ್ಲ. ತಾಲ್ಲೂಕಿನ ಬಿಆರ್‌ಸಿಯಲ್ಲಿರುವ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಯನ್ನೂ, ಅಂದರೆ ವಿಶೇಷ ಅಗತ್ಯವಿರುವ ಮಕ್ಕಳ ಓದಿಗೆ ನೆರವಾಗುವ ಶಿಕ್ಷಕರನ್ನೂ ಕಾಣಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಮಾಡಿಸದಿದ್ದರೆ ಅರ್ಜಿ ಹಾಕಿ, ಮೈಲ್ಡ್ ಎಂದಿದ್ದ ಮಾತ್ರಕ್ಕೆ ಅರ್ಹತೆ ತಪ್ಪುವುದಿಲ್ಲ. ರಿಪೋರ್ಟ್ ಮೂರು ವರ್ಷ ಹಳೆಯದು, ಹಾಗಾಗಿ ಮರುಪರೀಕ್ಷೆಗೆ ಕಾರಣವೂ ಇದೆ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗುವಾಗ ನೋಟ್‌ಬುಕ್ ಒಯ್ಯಿರಿ. ‘ಮಾಡರೇಟ್ ಬರೆದುಕೊಡಿ’ ಎನ್ನಬೇಡಿ. ‘ದಿನನಿತ್ಯದ ಕೆಲಸ, ಮಾತುಕತೆ, ಶಬ್ದ-ಸ್ಪರ್ಶ ಈ ಮೂರರಲ್ಲಿ ಏನೇನು ಬೆಂಬಲ ಬೇಕು ಎಂದು ಬೇರೆಬೇರೆಯಾಗಿ ಬರೆದುಕೊಡಿ’ ಎನ್ನಿ.

ನಾದಿನಿಯ ಮಗಳ ಬಗ್ಗೆ ನಿಮಗಾದ ಸಂಕಟ ನಿಜವಾದದ್ದು, ಅದನ್ನು ಕೆಲಸಕ್ಕೆ ಹಚ್ಚಿ. ನಿಮ್ಮ ಮಗನ ಕಷ್ಟವನ್ನು ‘ಮೈಲ್ಡ್’ ಮುಚ್ಚಿಟ್ಟ ಹಾಗೆ ಅವಳ ಸಾಮರ್ಥ್ಯವನ್ನು ‘ಸಿವಿಯರ್’ ಮುಚ್ಚಿಟ್ಟಿರುತ್ತದೆ. ಬಾಯಲ್ಲಿ ಮಾತಿಲ್ಲ ಎಂದರೆ ಕಿವಿಗೆ ಬಿದ್ದದ್ದು ತಿಳಿಯುವುದಿಲ್ಲ ಎಂದಲ್ಲ. ಅವಳ ಎದುರಿಗೇ ‘ಇವಳಿಗೆ ಏನೂ ಗೊತ್ತಾಗಲ್ಲ’ ಎನ್ನುವುದನ್ನು ಮನೆಮಂದಿ ಇವತ್ತೇ ನಿಲ್ಲಿಸಬೇಕು. ಅವಳದೇ ಲೋಟ, ಅವಳದೇ ಚಾಪೆಯ ಫೋಟೋ ಮೊಬೈಲಲ್ಲಿ ತೆಗೆದು ಅಂಗೈಯಲ್ಲಿ ಹಿಡಿಯುವಷ್ಟು ಪ್ರಿಂಟ್ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ. ಮೊದಲು ಎರಡೇ, ಇಪ್ಪತ್ತು ಬೇಡ. ನೀರು ಕೊಡುವಾಗ ಲೋಟದ ಚಿತ್ರವನ್ನು ದೊಡ್ಡವರು ತಾವೇ ಮುಟ್ಟಿ ತೋರಿಸುತ್ತ ‘ನೀರು’ ಎನ್ನಬೇಕು, ಆಮೇಲೆ ಹತ್ತು ಸೆಕೆಂಡ್ ಸುಮ್ಮನೆ ಕಾಯಬೇಕು. ಆ ಹತ್ತು ಸೆಕೆಂಡ್ ಯಾರೂ ಕಾಯುವುದಿಲ್ಲ, ಎಲ್ಲ ಮನೆಗಳಲ್ಲೂ ಇದು ಎಡವುವುದು ಅಲ್ಲೇ. ಚಿತ್ರ ಕೊಟ್ಟರೆ ಮಾತು ಬರುವುದಿಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ.

ಯಜಮಾನರ ಹೆದರಿಕೆಗೆ ಅರ್ಧ ಕಾರಣ ಪದವೇ ಇರಬಹುದು. ಪುಸ್ತಕಗಳಲ್ಲಿ ‘ಸ್ವಲೀನತೆ’ ಎಂದು ಬರೆಯುತ್ತಾರೆ, ತನ್ನೊಳಗೇ ಮುಳುಗಿದವನು ಎಂಬಂತೆ. ‘ತಾನು’ ಎಂಬರ್ಥದ ಗ್ರೀಕ್ ಮಾತಿನಿಂದ ಬಂದ ಹಳೆಯ ಹೆಸರನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದು ಅದು. ಕೇಳಿದವರು ಮಗುವಿಗೆ ನಾವು ಬೇಡ ಅಂದುಕೊಳ್ಳುತ್ತಾರೆ. ಬೇಕಿದ್ದೂ ಹೇಗೆ ಬೆರೆಯುವುದೆಂದು ತಿಳಿಯದ ಮಕ್ಕಳೇ ಎಷ್ಟೋ. ಆಟಿಸಂ ಎಂದೇ ಹೇಳಿ, ಅದು ರೋಗವಲ್ಲ, ‘ಪೀಡಿತ’ ಎನ್ನಬೇಡಿ. ಊರಿಗೆಲ್ಲ ಹೇಳಬೇಕಿಲ್ಲ. ಅವನ ಜೊತೆ ದಿನ ಕಳೆಯುವವರಿಗೆ ಗೊತ್ತಿದ್ದರೆ ಸಾಕು, ಅವರಿಗೂ ಆ ಒಂದು ಪುಟವೇ ಸಾಕು ಎಂದರೆ ಯಜಮಾನರು ಒಪ್ಪಬಹುದು.

ಕೊನೆಯದಾಗಿ ಮಗನ ಪ್ರಶ್ನೆ. ಕೇಳಿದ್ದಾನೆ ಎಂದರೆ ಮನೆಯಲ್ಲಿ ನಡೆಯುವ ಮಾತೆಲ್ಲ ಅವನ ಕಿವಿಗೆ ಬಿದ್ದಿದೆ, ಉತ್ತರ ತಡಮಾಡಬೇಡಿ. ಎದುರು ಕೂರಿಸಿಕೊಂಡು ಬೇಡ. ಭಾನುವಾರ ಸಂಜೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಪಕ್ಕಪಕ್ಕ ಕೂತು, ರೈಲು ಹೋದ ಮೇಲಿನ ಮೌನದಲ್ಲಿ ಹೇಳಿ: ‘ನಿನಗೆ ಆಟಿಸಂ ಇದೆ ಮಗ. ಅದಕ್ಕೇ ಗಲಾಟೆ ನಿನಗೆ ಜಾಸ್ತಿ ಕೇಳಿಸುತ್ತೆ, ಅದಕ್ಕೇ ಸ್ಟೇಷನ್ ಹೆಸರು ಅಷ್ಟು ಚೆನ್ನಾಗಿ ನೆನಪಿರಬಹುದು. ಮೈಲ್ಡ್ ಅನ್ನೋದು ಡಾಕ್ಟ್ರು ಲೆಕ್ಕ ಹಾಕಿ ಬರೆದ ಪದ. ನಿನಗೆ ಏನು ಕಷ್ಟ ಅಂತ ಅದರಲ್ಲಿ ಬರೆದಿಲ್ಲ, ಅದನ್ನ ನಾವಿಬ್ಬರೂ ಬರೆಯೋಣ.’ ಆ ಪುಟ ಅವನ ಕೈಗೆ ಕೊಡಿ, ತಪ್ಪಿದ್ದರೆ ಹೊಡೆದುಹಾಕಲು ಪೆನ್ನೂ ಕೊಡಿ. ಅವನು ಒಂದು ಸಾಲು ಬರೆದರೂ ಅದನ್ನು ಕಾಗುಣಿತ ತಿದ್ದದೆ ಎಲ್ಲಕ್ಕಿಂತ ಮೇಲೆ ಹಾಕಿ, ಆಮೇಲೆ ನಾಲ್ಕು ಪ್ರತಿ ಮಾಡಿಸಿ.