ಪ್ರತಿಕ್ರಿಯೆ: ಗತ್ಕಾ ದೃಶ್ಯದಲ್ಲಿ ಕತ್ತಿ ಬಾಗುವುದು, ಪಟ್ಟೆ ಬರುವುದು

ಲಂಡನ್ನಿನ ಸೌತಾಲ್‌ನ ಸಭಾಂಗಣದಲ್ಲಿ ಸಿಖ್ಖರ ಸಮರಕಲೆ ಗತ್ಕಾವನ್ನು ಸೆಕೆಂಡಿಗೆ 120 ಫ್ರೇಮ್‌ನಲ್ಲಿ ತೆಗೆದಾಗ ಕತ್ತಿ ಬಾಗಿದಂತೆ ಕಂಡಿತು, ಕಪ್ಪು ಪಟ್ಟೆಯೂ ಬಂತು ಎಂದು ಕೇಳಿದ್ದೀರಿ. ಕತ್ತಿ ರಬ್ಬರಿನಂತೆ ಬಾಗುವುದು ಬಹುತೇಕ ರೋಲಿಂಗ್ ಶಟರ್‌ನಿಂದ. ಸೆನ್ಸರ್ ಸಾಲುಸಾಲಾಗಿ ಓದಿ ಮುಗಿಸುವಷ್ಟರಲ್ಲಿ ಕತ್ತಿ ಮುಂದೆ ಹೋಗಿರುತ್ತದೆ. ಶಟರ್ ವೇಗ ಏರಿಸಿದರೆ ಮಸುಕು ಹೋದೀತು, ಬಾಗು ಹೋಗಲ್ಲ.

ಕಪ್ಪು ಪಟ್ಟೆಗೆ ಕಾರಣ ಬೇರೆ. ಬ್ರಿಟನ್ನಿನ ವಿದ್ಯುತ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಮ್ಮ 120 ಫ್ರೇಮ್ ಅದಕ್ಕೆ ಹೊಂದಲ್ಲ. ಮೊದಲು ಕ್ಯಾಮೆರಾವನ್ನು ಪಾಲ್‌ಗೆ (PAL, 50 ಹರ್ಟ್ಸ್‌ಗೆ ಹೊಂದುವ ವೀಡಿಯೊ ಸೆಟ್ಟಿಂಗ್) ಬದಲಿಸಿ, 100 ಫ್ರೇಮ್, ಶಟರ್ 1/100 ಇಡಿ. ಡಿಮ್ಮರ್ ಇದ್ದರೆ ಪೂರ್ತಿ ಏರಿಸಿ.

ಆಮೇಲೆ 4ಕೆ ಬಿಟ್ಟು 1080ಪಿ ನೋಡಿ. ಹಲವು ಕ್ಯಾಮೆರಾಗಳಲ್ಲಿ ಸೆನ್ಸರ್ ಓದು ಚುರುಕಾಗಿ ಬಾಗು ತಗ್ಗುತ್ತದೆ. ನಿಮ್ಮದು ಯಾವುದೆಂದು ಬರೆದಿಲ್ಲ, ಆದ್ದರಿಂದ ಎರಡರಲ್ಲೂ ತಿರುಗುವ ಫ್ಯಾನ್ ಚಿತ್ರಿಸಿ ಪರೀಕ್ಷಿಸಿ. ಹಿಂದೆ ಸರಿದು ವೈಡ್‌ನಲ್ಲಿ ತೆಗೆದರೂ ಬಾಗು ತಗ್ಗುತ್ತದೆ, ಚಕ್ಕರ್ (ಗತ್ಕಾದಲ್ಲಿ ಸುತ್ತ ತಿರುಗಿಸುವ ಚಕ್ರದಂಥ ಆಯುಧ) ಬೀಸಿನಿಂದಲೂ ದೂರವಿರುತ್ತೀರಿ. ಟ್ರೈಪಾಡ್ ಎಲ್ಲಿ ಇಡಬೇಕೆಂದು ಗತ್ಕಾ ಕಲಿಸುವ ಉಸ್ತಾದರನ್ನೇ ಕೇಳಿ. ನೆಲದಲ್ಲಿ ಜೋಡಿಸಿಟ್ಟ ಶಸ್ತ್ರಗಳನ್ನು ದಾಟಬೇಡಿ. ಇಷ್ಟಕ್ಕೂ ಸರಿಹೋಗದಿದ್ದರೆ ಇಡೀ ಚಿತ್ರವನ್ನು ಒಮ್ಮೆಗೇ ಸೆರೆಹಿಡಿಯುವ ಗ್ಲೋಬಲ್ ಶಟರ್ ಕ್ಯಾಮೆರಾ ಒಂದು ದಿನ ಬಾಡಿಗೆಗೆ ತನ್ನಿ.