ಕಾಲೊನಿಯ ಮನೆ ಕಟ್ಟುವ ಕೆಲಸ ಕಾಲೊನಿಯವರಿಗೆ ಯಾಕಿಲ್ಲ?

ಪತ್ರ: ನಮ್ಮ ಆದಿವಾಸಿ ಹಾಡಿಯವರಿಗೆ ಅಂತ ಸರ್ಕಾರ ಸಾಲು ಮನೆ ಕಟ್ಟಿಸುತ್ತಿದೆ. ಗಾರೆಯವರು, ಕೂಲಿಯವರು ಎಲ್ಲ ಹೊರಗಿನಿಂದ ಬರುತ್ತಾರೆ. ನಮ್ಮ ಹುಡುಗರನ್ನು ಕರೆಯುವುದಿಲ್ಲ. ಕೇಳಿದರೆ 'ಕಾಫಿ ಕುಯ್ಲು ಶುರುವಾದರೆ ನೀವು ಬರಲ್ಲ' ಅಂತಾರೆ. ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇದೆಯಂತೆ, ನಿಜವೇ?
– ಓದುಗರು, ಕುಶಾಲನಗರ ತಾಲ್ಲೂಕು

ಉತ್ತರ: ನಿಜ, ಇದೆ. ಅಲ್ಲಿನ 1968ರ ವಸತಿ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಸರ್ಕಾರಿ ವಸತಿಗೆ ದುಡ್ಡು ಖರ್ಚಾಗುವಾಗ ಕೆಲಸ, ತರಬೇತಿ, ಗುತ್ತಿಗೆ ಆದಷ್ಟೂ ಅಲ್ಲಿನ ಬಡವರಿಗೇ ಸಿಗಬೇಕು. ಮೊದಲು, ಹೊಸದಾಗಿ ಸೇರಿಸಿಕೊಂಡವರಲ್ಲಿ ಶೇ 30 ಮಂದಿ ಅಂಥವರಿರಬೇಕು ಎಂಬ ಗುರಿ ಇತ್ತು. ನಾಲ್ಕು ದಿನ ಕೆಲಸ ಕೊಟ್ಟು ಬಿಟ್ಟರೂ ತಲೆ ಲೆಕ್ಕ ಸರಿಹೋಗುತ್ತಿತ್ತು. 2020ರ ನಿಯಮ ದುಡಿದ ಗಂಟೆಗಳನ್ನು ಎಣಿಸುತ್ತದೆ. ಒಟ್ಟು ಗಂಟೆಗಳಲ್ಲಿ ಶೇ 25 ಕಡಿಮೆ ಆದಾಯದವರದ್ದು, ಆ 25ರಲ್ಲಿ 5 ಮುಖ್ಯವಾಗಿ ಅಲ್ಲಿನ ನಿವಾಸಿಗಳದ್ದು, ಅಕ್ಕಪಕ್ಕದವರದ್ದು ಆಗಿರಬೇಕು. ನಾವು ಕಲಿಯಬೇಕಾದದ್ದು ಈ ಗಂಟೆ ಲೆಕ್ಕವನ್ನು.

ನಮ್ಮ ಕರ್ನಾಟಕದಲ್ಲಿ ಸರ್ಕಾರಿ ಗುತ್ತಿಗೆಯಲ್ಲಿ ಮೀಸಲಾತಿ ಇದೆ: ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95. 50 ಲಕ್ಷದವರೆಗಿನ ಕಾಮಗಾರಿಗಿದ್ದದ್ದನ್ನು 2023ರಲ್ಲಿ ಒಂದು ಕೋಟಿಗೆ ಏರಿಸಿದರು. ಒಳ್ಳೆಯದೇ. ಆದರೆ ಅದು ಲೈಸೆನ್ಸ್ ಇರುವ ಗುತ್ತಿಗೆದಾರನಿಗೆ ಸಿಗುತ್ತದೆ, ಕರಣೆ ಹಿಡಿಯಲು ಕಾಯುತ್ತಿರುವ ಯರವ ಬುಡಕಟ್ಟಿನ ಹುಡುಗನಿಗಲ್ಲ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಗುತ್ತಿಗೆದಾರನೇ ಇಲ್ಲ, ಮನೆಯವರೇ ಕಟ್ಟಿಕೊಳ್ಳಬೇಕು. ಆದರೆ ದಿಡ್ಡಳ್ಳಿ ಕಾಡಿನಿಂದ ಒಕ್ಕಲೆಬ್ಬಿಸಿದ ಆದಿವಾಸಿಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಆದ ಹಾಗೆ, 2018ರ ಭೂಕುಸಿತದ ನಂತರ ಜಂಬೂರು, ಮದೆನಾಡಿನಲ್ಲಿ ಆದ ಹಾಗೆ, ಒಟ್ಟಿಗೇ ಬಡಾವಣೆ ಎದ್ದಾಗ ಸ್ಥಳೀಯರ ಕೆಲಸದ ಪ್ರಶ್ನೆ ಬರುತ್ತದೆ.

ಇನ್ನು ಕಾಫಿಯ ನೆಪ. ಪೂರ್ತಿ ಸುಳ್ಳಲ್ಲ. ಮಳೆ ನಿಂತ ಮೇಲೇ ಪಾಯ ತೆಗೆಯಬೇಕು, ಅಷ್ಟರಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವಾಗ ರೊಬಸ್ಟಾ. ತೋಟದ ಲೈನ್ ಮನೆಯಲ್ಲಿ ಇರುವವರು, ಸಾಹುಕಾರರ ಹತ್ತಿರ ಮುಂಗಡ ತೆಗೆದುಕೊಂಡವರು ಕುಯ್ಲು ಬಿಟ್ಟು ಬರುವುದು ಕಷ್ಟ. ಆದರೆ ಎಲ್ಲರೂ ಹಾಗಿಲ್ಲವಲ್ಲ? ನೆರಳು ಮರ ಹತ್ತಿ ಕಪಾತು ಮಾಡುವ ಹುಡುಗನಿಗೆ ಸಾರುವೆ ಮೇಲೆ ನಿಂತು ಗೋಡೆ ಕಟ್ಟಲು ಭಯವೇ? ಗಾರೆ ಕೆಲಸ ಕಲಿಸಿದವರಿಲ್ಲ, ಅಷ್ಟೇ. ತೋಟದ ಕೆಲಸ ಕಡಿಮೆ ಇರುವ ಮಳೆಗಾಲದಲ್ಲಿ ಒಂದು ಶೆಡ್ಡಿನೊಳಗೆ ಕಲಿಸಬಹುದು.

ಇನ್ನೊಂದು ಲಾಭ ಜಾಸ್ತಿ ಜನಕ್ಕೆ ಗೊತ್ತಿಲ್ಲ. 18ರಿಂದ 60 ವರ್ಷದೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ನಿಮ್ಮ ಬಡಾವಣೆಯ ಕೆಲಸವೊಂದರಲ್ಲೇ ಆ 90 ದಿನ ತುಂಬುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಮಾತ್ರ ದುಡಿದದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ದಯವಿಟ್ಟು ಹೊರಗಿನಿಂದ ಬಂದ ಕೂಲಿಯವರ ಮೇಲೆ ಸಿಟ್ಟಾಗಬೇಡಿ. ಅವರೂ ಹೊಟ್ಟೆಪಾಡಿಗೆ ಊರು ಬಿಟ್ಟವರು. ಕೇಳಬೇಕಾದದ್ದು ಟೆಂಡರ್ ಕರೆಯುವವರನ್ನು, ಅದೂ ಕರೆಯುವ ಮೊದಲೇ. ಈಗ ನಡೆಯುತ್ತಿರುವ ಕೆಲಸದ ಟೆಂಡರ್ ಷರತ್ತುಗಳ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ಒಳರಸ್ತೆ, ಚರಂಡಿ, ಅಂಗನವಾಡಿ ಕೆಲಸ ಇನ್ನೂ ಬಾಕಿ ಇದ್ದರೆ, ಅದರಲ್ಲಿ ಇಷ್ಟು ಗಂಟೆ ಹಾಡಿಯವರಿಗೆ ಅಂತ ಗ್ರಾಮಸಭೆಯಲ್ಲಿ ಠರಾವು ಬರೆಸಿ. ಠರಾವಿನ ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

– ಸಂಪಾದಕ